ಮಾಲ್ಬೆಕ್ ಬೆಟ್ಟ ಹತ್ತಿದೆ, ಕೆಳಗಿನವರಿಗೆ ನೀರೆಲ್ಲಿ?

ಅರ್ಜೆಂಟೀನಾದ ಮೆಂಡೋಜಾ ಪ್ರಾಂತ್ಯದಲ್ಲಿ ದ್ರಾಕ್ಷಿ ತೋಟಗಳು ಬೆಟ್ಟ ಹತ್ತುತ್ತಿವೆ. ಒಂದು ಕಾಲದಲ್ಲಿ ಅಲ್ಲಿ 1,000 ಮೀಟರ್ ಎತ್ತರದಲ್ಲಿ ತೋಟ ಇದ್ದರೆ ಅದೇ ಹೆಚ್ಚು. ಈಗ ಉಕೋ ಕಣಿವೆಯಲ್ಲಿ 1,500 ಮೀಟರ್ ದಾಟಿದ ತೋಟಗಳೂ ಇವೆ. ಅಂದಾಜು ಬೇಕಿದ್ದರೆ ನಮ್ಮ ನಂದಿಬೆಟ್ಟ ನೆನೆಸಿಕೊಳ್ಳಿ, ಅದರ ತುದಿ 1,478 ಮೀಟರ್. ಮೆಂಡೋಜಾದಲ್ಲಿ ಅಷ್ಟು ಎತ್ತರಕ್ಕೆ ಹೋದರೂ ಬೆಟ್ಟ ಇನ್ನೂ ಸರಿಯಾಗಿ ಶುರುವಾಗಿರುವುದಿಲ್ಲ. ಅದು ಬರೀ ಆಂಡಿಸ್ ಸಾಲಿನ ಬುಡದ ಇಳಿಜಾರು. ಅದೇ ಸಾಲಿನಲ್ಲಿ 6,961 ಮೀಟರ್ ಎತ್ತರದ ಅಕೊಂಕಾಗುವಾ ಶಿಖರವೂ ಇದೆ.

ಹೀಗೆ ಮೇಲೇರುತ್ತಿರುವವುಗಳಲ್ಲಿ ಮುಖ್ಯವಾದದ್ದು ಮಾಲ್ಬೆಕ್ ಎಂಬ ತಳಿ. ಕೆಂಪು ವೈನ್ ಮಾಡುವ, ಹೆಚ್ಚುಕಡಿಮೆ ಕಪ್ಪು ಬಣ್ಣದ ದ್ರಾಕ್ಷಿ ಇದು. ವೈನ್ ಬಗ್ಗೆ ಬರೆಯುವವರಲ್ಲಿ ಬಹಳ ಜನ ಈ ಏರಿಕೆಯನ್ನು ಹವಾಮಾನ ಬದಲಾವಣೆಗೆ ಒಳ್ಳೆಯ ಉತ್ತರ ಎಂದು ಹೊಗಳುತ್ತಾರೆ. ಕೆಳಗೆ ಸೆಕೆ ಜಾಸ್ತಿಯಾಯಿತಾ, ಮೇಲೆ ಹೋಗಿ ನೆಡಿ, ಮುಗಿಯಿತು ಅನ್ನುವ ಧಾಟಿ. ಇದರಲ್ಲಿ ಅರ್ಧ ನಿಜ ಇದೆ. ಮೇಲೆ ಹೋದರೆ ತಂಪು ಸಿಗುತ್ತದೆ, ಆದರೆ ಹೊಸ ನೀರೇನೂ ಹುಟ್ಟುವುದಿಲ್ಲ. ಇರುವ ನೀರನ್ನೇ ಎಲ್ಲರಿಗಿಂತ ಮೊದಲು ಎತ್ತಿಕೊಳ್ಳುವ ಜಾಗ ಸಿಗುತ್ತದೆ, ಅಷ್ಟೇ. ಮೆಂಡೋಜಾದ ಇವತ್ತಿನ ನೀರಿನ ಜಗಳದ ಬೇರು ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಇದು ಅರ್ಥವಾಗಬೇಕಾದರೆ ಮೊದಲು ಆ ಗಿಡ ಬೆಟ್ಟಕ್ಕೆ ಯಾಕೆ ಹೋಯಿತು ಅನ್ನುವುದನ್ನು ನೋಡಬೇಕು.

ಮಾಲ್ಬೆಕ್‌ನ ತವರು ಫ್ರಾನ್ಸಿನ ನೈಋತ್ಯ ಭಾಗದ ಕಾಓರ್. ಅಲ್ಲಿ ಇದಕ್ಕೆ ಕೋ ಅನ್ನುವ ಹೆಸರೂ ಇದೆ. ಅಲ್ಲಿನ ತಂಪು, ತೇವದ ಹವೆಗೆ ಇದು ಸುಲಭದ ಗಿಡವೇನಲ್ಲ. ಹೂ ಬಿಡುವಾಗ ಮಳೆ ಬಂದರೆ, ಥಂಡಿ ಜಾಸ್ತಿಯಾದರೆ ಹೂ ಉದುರಿಹೋಗುತ್ತದೆ, ಗೊಂಚಲಲ್ಲಿ ಕಾಯಿ ಕಚ್ಚುವುದಿಲ್ಲ. ಚಳಿಗೂ ಬೇಗ ಹೆದರುವ ತಳಿ. 1956ರ ಭಾರಿ ಚಳಿಗೆ ಕಾಓರ್‌ನ ಬಹುಪಾಲು ತೋಟಗಳು ಸತ್ತೇಹೋದವು. ಅಷ್ಟರಲ್ಲಿ ಈ ಗಿಡ ಸಮುದ್ರ ದಾಟಿ ನೂರು ವರ್ಷ ಆಗಿತ್ತು. ಮಿಶೆಲ್ ಐಮೆ ಪೂಜೆ ಎಂಬ ಫ್ರೆಂಚ್ ಕೃಷಿತಜ್ಞ ಫ್ರಾನ್ಸಿನ ತಳಿಗಳನ್ನು ಮೆಂಡೋಜಾಕ್ಕೆ ತಂದ. ಅದರ ಹಿಂದೆ ಇದ್ದವರು ದೊಮಿಂಗೊ ಫೌಸ್ತಿನೊ ಸಾರ್ಮಿಯೆಂತೊ, ಮುಂದೆ ದೇಶದ ಅಧ್ಯಕ್ಷರಾದವರು. ಅಲ್ಲಿ ಕೃಷಿ ಶಾಲೆ ತೆರೆಯುವ ಪ್ರಸ್ತಾವ ಸರ್ಕಾರದ ಮುಂದೆ ಬಂದದ್ದು 1853ರ ಏಪ್ರಿಲ್ 17ರಂದು. ಅದಕ್ಕೇ ಈಗ ಆ ದಿನವನ್ನು ಮಾಲ್ಬೆಕ್ ದಿನ ಎಂದು ಆಚರಿಸುತ್ತಾರೆ.

ಒಣ ಹವೆಯ ಮೆಂಡೋಜಾ ಈ ಗಿಡಕ್ಕೆ ಚೆನ್ನಾಗಿ ಒಗ್ಗಿತು. ಹಾಗಂತ ಅಲ್ಲಿಯ ಜನ ಅದನ್ನು ಯಾವಾಗಲೂ ಬೆಲೆಬಾಳುವ ಬೆಳೆಯಾಗಿ ನೋಡಿದ್ದರು ಅಂತಲ್ಲ. 1960ರ ದಶಕದಲ್ಲಿ ಅರ್ಜೆಂಟೀನಾದಲ್ಲಿ 50 ಸಾವಿರ ಹೆಕ್ಟೇರಿಗೂ ಜಾಸ್ತಿ ಮಾಲ್ಬೆಕ್ ಇತ್ತು. 1990ರ ಹೊತ್ತಿಗೆ ಅದು ಸುಮಾರು 10 ಸಾವಿರಕ್ಕೆ ಇಳಿಯಿತು. ಅಗ್ಗದ ವೈನ್‌ಗೆ ರಾಶಿ ರಾಶಿ ಕಾಯಿ ಬಿಡುವ ಬೇರೆ ತಳಿ ಬೇಕಾಗಿತ್ತು, ಆಮೇಲೆ ಆ ವೈನ್‌ಗೂ ಗಿರಾಕಿ ಕಡಿಮೆಯಾದರು. ರೈತರು ಹಳೇ ಮಾಲ್ಬೆಕ್ ಬಳ್ಳಿಗಳನ್ನು ಬುಡಸಮೇತ ಕಿತ್ತುಹಾಕಿದರು. ಇವತ್ತು ಮತ್ತೆ 40 ಸಾವಿರ ಹೆಕ್ಟೇರ್ ದಾಟಿದೆ, ದೇಶದಲ್ಲೇ ಅತಿ ಹೆಚ್ಚು ಬೆಳೆಯುವ ತಳಿ ಅದೇ. ಹೀಗೆ ಮತ್ತೆ ನೆಟ್ಟಿದ್ದರಲ್ಲಿ ದೊಡ್ಡ ಪಾಲು ಹೋದದ್ದು ಎತ್ತರದ ನೆಲಕ್ಕೆ.

ಇದಕ್ಕೆ ದಾರಿ ತೋರಿಸಿದವರಲ್ಲಿ ಮೆಂಡೋಜಾದ ವೈನ್ ತಯಾರಕ ನಿಕೊಲಾಸ್ ಕತೇನಾ ಹೆಸರು ದೊಡ್ಡದು. 1992ರಲ್ಲಿ ಉಕೋ ಕಣಿವೆಯ ತುಪುಂಗಾತೊ ಬಳಿಯ ಗ್ವಾಲ್ತಯಾರಿಯಲ್ಲಿ, ಸುಮಾರು 1,450 ಮೀಟರ್ ಎತ್ತರದಲ್ಲಿ ಅವರು ತೋಟ ಎಬ್ಬಿಸಿದರು. ಅಲ್ಲಿ ಕೆಂಪು ತಳಿ ಹಣ್ಣಾಗುವುದೇ ಇಲ್ಲ ಎಂದು ಅವರ ತೋಟದ ಉಸ್ತುವಾರಿ ನೋಡುವವರೇ ಹೇಳಿದ್ದರಂತೆ. ಆ ಮಾತೂ ಸುಮ್ನೆ ಹೇಳಿದ್ದಲ್ಲ. ಪ್ರತಿ 100 ಮೀಟರ್ ಮೇಲೆ ಹೋದ ಹಾಗೆ ಸರಾಸರಿ ಉಷ್ಣಾಂಶ ಸುಮಾರು 0.6 ಡಿಗ್ರಿ ಇಳಿಯುತ್ತದೆ. 900 ಮೀಟರ್‌ನಿಂದ 1,450ಕ್ಕೆ ಹೋದರೆ ಮೂರು ಡಿಗ್ರಿಗೂ ಜಾಸ್ತಿ ವ್ಯತ್ಯಾಸ. ದ್ರಾಕ್ಷಿಗೆ ಅದು ಸಣ್ಣ ವ್ಯತ್ಯಾಸ ಅಲ್ಲವೇ ಅಲ್ಲ. ಕೆಳಗಿನ ತೋಟಗಳಲ್ಲಿ ಕೊಯ್ಲು ಮುಗಿಯುವ ಹೊತ್ತಿಗೆ ಮೇಲಿನ ತೋಟದಲ್ಲಿ ಹಣ್ಣು ಇನ್ನೂ ಬಳ್ಳಿಯಲ್ಲೇ ಇರುತ್ತದೆ, ಕೊಯ್ಯುವುದು ಏಪ್ರಿಲ್‌ನಲ್ಲಿ. ಅಲ್ಲಿ ಏಪ್ರಿಲ್ ಅಂದರೆ ಚಳಿ ಶುರುವಾಗುವ ತಿಂಗಳು.

ಆದರೂ ಹಣ್ಣಾಯಿತು. ಅದರಲ್ಲೂ ಕೆಳಗಿನದಕ್ಕಿಂತ ಗಾಢ ಬಣ್ಣ, ಬಿಗಿಯಾದ ರುಚಿ. ಇದರಲ್ಲಿ ಮಾಯ ಮಂತ್ರ ಏನಿಲ್ಲ. ದ್ರಾಕ್ಷಿ ಹಣ್ಣಾಗುವಾಗ ಒಂದೇ ಹೊತ್ತಿಗೆ ಮೂರು ಕೆಲಸ ನಡೆಯುತ್ತಿರುತ್ತವೆ: ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ, ಸಿಪ್ಪೆಯಲ್ಲಿ ಬಣ್ಣ ಮತ್ತು ಒಗರು ಕೂಡುತ್ತವೆ. ಸೆಕೆ ಜಾಸ್ತಿಯಿದ್ದ ಕಡೆ ಸಕ್ಕರೆ ಮುಂದೆ ಓಡಿಬಿಡುತ್ತದೆ. ಹಗಲು 35 ಡಿಗ್ರಿ ಮೀರಿದ ದಿನ ಬಣ್ಣ ಕಟ್ಟುವ ಕೆಲಸ ಕುಂಟುತ್ತದೆ, ರಾತ್ರಿಯೂ ಬಿಸಿ ಇದ್ದರೆ ಹುಳಿ ಉರಿದುಹೋಗುತ್ತದೆ. ಆಗ ರೈತನ ಮುಂದೆ ಇರುವುದು ಎರಡೇ ದಾರಿ. ಬೇಗ ಕೊಯ್ದರೆ ಸಿಪ್ಪೆ ಇನ್ನೂ ಹಸಿ. ಕಾದರೆ ಸಕ್ಕರೆ ಅತಿಯಾಗಿ ವೈನ್‌ನಲ್ಲಿ ಆಲ್ಕೋಹಾಲ್ ನೂರಕ್ಕೆ 15ರ ಹತ್ತಿರ ಹೋಗುತ್ತದೆ. ಎತ್ತರದಲ್ಲಿ ಹಗಲಿಗೂ ರಾತ್ರಿಗೂ 15 ಡಿಗ್ರಿಯಷ್ಟು ಅಂತರ ಇರುವುದರಿಂದ ಈ ಮೂರೂ ಜೊತೆಜೊತೆಯಾಗಿ ನಡೆಯುತ್ತವೆ. ಜೊತೆಗೆ ಅಲ್ಲಿಯ ಬಿಸಿಲಿನಲ್ಲಿ ನೇರಳಾತೀತ ಕಿರಣ ಜಾಸ್ತಿ. ಅದರಿಂದ ಬೀಜವನ್ನು ಕಾಪಾಡಿಕೊಳ್ಳಲು ಹಣ್ಣು ಸಿಪ್ಪೆಯನ್ನು ದಪ್ಪ ಮಾಡಿಕೊಳ್ಳುತ್ತದೆ, ಬಣ್ಣದ ಅಂಶ ಹೆಚ್ಚಿಸಿಕೊಳ್ಳುತ್ತದೆ. ಮೆಂಡೋಜಾದ ಸಂಶೋಧಕರು ಎತ್ತರದ ತೋಟದಲ್ಲಿ ಕೆಲವು ಬಳ್ಳಿಗಳ ಮೇಲೆ ಈ ಕಿರಣ ತಡೆಯುವ ಪರದೆ ಕಟ್ಟಿ, ಪಕ್ಕದ ಬಳ್ಳಿಗಳನ್ನು ಹಾಗೇ ಬಿಟ್ಟು ಹೋಲಿಸಿ ನೋಡಿದ್ದಾರೆ. ಪರದೆಯಿಲ್ಲದ ಹಣ್ಣಿನ ಸಿಪ್ಪೆಯಲ್ಲಿ ಬಣ್ಣದ ಅಂಶ ಹೆಚ್ಚಿತ್ತು, ಆದರೆ ಕಾಯಿ ಸಣ್ಣದು, ಇಳುವರಿಯೂ ಕಡಿಮೆ.

ತೋಟದ ಒಳಗೆ ಹೋಗಿ ನೋಡಿದರೆ ಕೆಲಸ ಎಷ್ಟು ಸೂಕ್ಷ್ಮ ಅಂತ ಗೊತ್ತಾಗುತ್ತದೆ. ಭೂಮಿಯ ದಕ್ಷಿಣಾರ್ಧ ಅದು, ಸೂರ್ಯ ಉತ್ತರದ ಕಡೆಯಿಂದ ಓಡಾಡುತ್ತಾನೆ, ಸಂಜೆ ಬಿಸಿಲು ಪಶ್ಚಿಮದಿಂದ ಚುಚ್ಚುತ್ತದೆ. ಹಾಗಾಗಿ ಬೆಳಗಿನ ಬಿಸಿಲು ಬೀಳುವ ಕಡೆ ಗೊಂಚಲಿನ ಸುತ್ತ ಎಲೆ ತೆಗೆದು ಗಾಳಿ ಆಡಲು ಬಿಡುತ್ತಾರೆ. ಮಧ್ಯಾಹ್ನದ ಕಡೆಯ ಎಲೆಗೆ ಕೈ ಹಚ್ಚುವುದಿಲ್ಲ, ಹಚ್ಚಿದರೆ ಕಾಯಿ ಸುಟ್ಟು ಒಣಗುತ್ತದೆ. ನೆಲ ಅಗೆದರೆ ಮೇಲೆ ಒಂದಿಷ್ಟು ಮರಳು ಮಣ್ಣು, ಕೆಳಗೆ ನದಿ ಉರುಳಿಸಿ ತಂದ ದುಂಡು ಕಲ್ಲು. ಕಲ್ಲಿನ ಮೈಗೆಲ್ಲ ಸುಣ್ಣ ಮೆತ್ತಿಕೊಂಡು ಬಿಳಿ ಬಿಳಿಯಾಗಿರುತ್ತದೆ. ಒಂದೇ ಸಾಲಿನಲ್ಲಿ ಇಪ್ಪತ್ತು ಹೆಜ್ಜೆ ನಡೆದರೆ ಕಲ್ಲಿನ ಆಳ ಬದಲಾಗಿರುತ್ತದೆ. ಆದ್ದರಿಂದ ಒಂದೇ ತೋಟವನ್ನು ತುಂಡು ತುಂಡು ಮಾಡಿ ಬೇರೆ ಬೇರೆ ದಿನ ನೀರು ಕೊಡುತ್ತಾರೆ, ಬೇರೆ ಬೇರೆ ದಿನ ಕೊಯ್ಯುತ್ತಾರೆ. ಇಂಥ ಕಲ್ಲು ನೆಲದಲ್ಲಿ ನೀರು ನಿಲ್ಲುವುದೇ ಇಲ್ಲ, ಸುರಿದದ್ದೆಲ್ಲ ಸರ್ರನೆ ಕೆಳಗಿಳಿಯುತ್ತದೆ. ಕಾಲುವೆ ನೀರು ಹಾಯಿಸಿ ಬೆಳೆಯುವ ನೆಲ ಅಲ್ಲವೇ ಅಲ್ಲ ಇದು. ಹನಿ ನೀರಾವರಿ ಬಂದ ಮೇಲಷ್ಟೇ ಇಲ್ಲಿ ತೋಟ ಮಾಡಲು ಆದದ್ದು. ಈ ಮಾತು ನೆನಪಿರಲಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಮೆಂಡೋಜಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಬಯಲುಸೀಮೆಯ ಅತಿ ಒಣ ತಾಲ್ಲೂಕುಗಳಲ್ಲೂ ಇದರ ಎರಡು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ. ಬೀಳುವ ಆ ಸ್ವಲ್ಪ ಮಳೆಯೂ ಬೇಸಿಗೆಯಲ್ಲಿ, ಎಷ್ಟೋ ಸಲ ಆಲಿಕಲ್ಲಿನ ಜೊತೆ. ಹತ್ತೇ ನಿಮಿಷದ ಆಲಿಕಲ್ಲಿಗೆ ವರ್ಷದ ಬೆಳೆ ಹೋಗುವುದುಂಟು, ಹಾಗಾಗಿ ದುಡ್ಡಿದ್ದವರು ಸಾಲಿಗೆಲ್ಲ ಬಲೆ ಹೊದಿಸುತ್ತಾರೆ. ಬೆಳೆಗೆ ಬೇಕಾದ ನೀರೆಲ್ಲ ಆಂಡಿಸ್‌ನ ಹಿಮದಿಂದ. ಚಳಿಗಾಲದಲ್ಲಿ ಬಿದ್ದ ಹಿಮವೇ ಅವರ ಕೆರೆ. ವಸಂತ ಬಂದ ಹಾಗೆ ಅದು ಕರಗಿ ಮೆಂಡೋಜಾ, ತುನುಯಾನ್, ದಿಯಾಮಾಂತೆ, ಅತುವೆಲ್ ನದಿಗಳಾಗಿ ಇಳಿಯುತ್ತದೆ. ಹಿಮ ಕಡಿಮೆ ಬಿದ್ದ ವರ್ಷ ಇನ್ನೂ ಮೇಲಿನ ಹಿಮನದಿಗಳು ಕರಗಿ ಒಂದಿಷ್ಟು ತುಂಬಿಕೊಡುತ್ತವೆ. ಕಲ್ಲು ಮಣ್ಣಿನ ಅಡಿಯಲ್ಲಿ ಹೂತ ಹಿಮನದಿಗಳೂ ಅಲ್ಲಿ ಬಹಳ. ಮೇಲಿಂದ ನೋಡಿದರೆ ಬರೀ ಕಲ್ಲಿನ ರಾಶಿ, ಒಳಗೆ ಮಂಜುಗಡ್ಡೆ.

ಈ ನೀರು ಮುಟ್ಟುವ ನೆಲ ಇಡೀ ಪ್ರಾಂತ್ಯದ ನೂರಕ್ಕೆ ನಾಲ್ಕು ಭಾಗದಷ್ಟು ಮಾತ್ರ. ಉಳಿದದ್ದು ಒಣ ಕುರುಚಲು ಬಯಲು. ಆದರೆ ಪ್ರಾಂತ್ಯದ ಬಹುತೇಕ ಜನ ಇರುವುದು ಆ ನಾಲ್ಕು ಭಾಗದಲ್ಲೇ. ಕಾಲುವೆಗಳ ಕೆಲಸ ಶುರು ಮಾಡಿದವರು ಅಲ್ಲಿಯ ಮೂಲ ನಿವಾಸಿಗಳಾದ ಉವಾರ್ಪೆ ಜನ, ಸ್ಪೇನಿನವರು ಬರುವುದಕ್ಕಿಂತ ಮುಂಚೆಯೇ. ಮೆಂಡೋಜಾ ನಗರದ ಬೀದಿ ಬದಿಯಲ್ಲಿ ಇವತ್ತಿಗೂ ಆಸೇಕಿಯಾ ಎಂದು ಕರೆಯುವ ಕಾಲುವೆಗಳು ಹರಿಯುತ್ತವೆ, ಸಾಲು ಮರಗಳು ಬದುಕಿರುವುದು ಆ ನೀರಿನಿಂದ.

ನೀರು ಹಂಚುವ ವ್ಯವಸ್ಥೆ ಹಳೆಯದು, ಗಟ್ಟಿಯಾದದ್ದು. 1884ರ ನೀರಿನ ಕಾನೂನು ಇಂದಿಗೂ ಅದರ ಬೆನ್ನೆಲುಬು. ನೀರಿನ ಹಕ್ಕು ನೆಲಕ್ಕೆ ಅಂಟಿಕೊಂಡಿದೆ, ನೆಲ ಬಿಟ್ಟು ನೀರನ್ನು ಮಾತ್ರ ಮಾರುವ ಹಾಗಿಲ್ಲ. ಪಕ್ಕದ ಚಿಲಿಯಲ್ಲಿ ನೀರಿನ ಹಕ್ಕನ್ನು ಬೇರೆಯಾಗಿ ಮಾರಿ ಏನೆಲ್ಲ ಆಯಿತು ಅನ್ನುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಪ್ರತಿ ಕಾಲುವೆಗೂ ರೈತರೇ ಚುನಾಯಿಸಿದ ಒಂದು ಆಡಳಿತ ಇದೆ, ಅದರ ಖರ್ಚಿಗೆ ಹಕ್ಕುದಾರರೇ ದುಡ್ಡು ಕೊಡುತ್ತಾರೆ. ಗದ್ದೆ ಬಯಲಿನಲ್ಲಿ ನಮ್ಮ ನೀರುಗಂಟಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ತೊಮೇರೊ ಮಾಡುತ್ತಾನೆ. ಯಾರ ತೋಟಕ್ಕೆ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಅನ್ನುವುದು ಚೀಟಿಯಲ್ಲಿ ಬರೆದಿರುತ್ತದೆ. ಸರದಿ ರಾತ್ರಿ ಎರಡು ಗಂಟೆಗೆ ಬಂದರೆ ರಾತ್ರಿ ಎರಡಕ್ಕೇ ಎದ್ದು ಹೋಗಬೇಕು. ತೊಮೇರೊ ಕಬ್ಬಿಣದ ತೂಬು ಎತ್ತುತ್ತಾನೆ, ರೈತ ಗುದ್ದಲಿ ಹಿಡಿದು ಸಾಲಿನಿಂದ ಸಾಲಿಗೆ ನೀರು ತಿರುಗಿಸುತ್ತಾ ಓಡುತ್ತಾನೆ. ಹೊತ್ತು ಮುಗಿದ ತಕ್ಷಣ ತೂಬು ಬೀಳುತ್ತದೆ, ಕೊನೆಯ ನಾಲ್ಕು ಸಾಲು ಒಣಗಿದ್ದರೂ ಅಷ್ಟೇ.

ಈ ಹಂಚಿಕೆ ನಿಂತಿರುವುದು ಹೆಕ್ಟೇರ್ ಲೆಕ್ಕದ ಮೇಲೆ. ನದಿಯಲ್ಲಿ ಜಾಸ್ತಿ ಇದ್ದರೆ ಎಲ್ಲರಿಗೂ ಜಾಸ್ತಿ, ಕಡಿಮೆಯಿದ್ದರೆ ಎಲ್ಲರಿಗೂ ಕಡಿಮೆ. ಕಾಗದದ ಮೇಲೆ ಬಹಳ ನ್ಯಾಯವಾದದ್ದು. ಆದರೆ 2010ರಿಂದ ಆಚೆಗೆ ಆಂಡಿಸ್‌ನ ಈ ಭಾಗದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಹಿಮ ಸರಿಯಾಗಿ ಬೀಳಲಿಲ್ಲ. ನಡುವೆ ಒಂದೆರಡು ಒಳ್ಳೆ ವರ್ಷ ಬಂದವು, ಹಳೇ ಸಾಲ ತೀರಲಿಲ್ಲ. ಪ್ರಾಂತ್ಯದ ನೀರಾವರಿ ಇಲಾಖೆ ನೀರಿನ ತುರ್ತು ಪರಿಸ್ಥಿತಿಯನ್ನು ವರ್ಷದಿಂದ ವರ್ಷಕ್ಕೆ ಮುಂದುವರಿಸುತ್ತಾ ಹೋಯಿತು. ಸರದಿಯ ನಡುವಿನ ಅಂತರ ಉದ್ದವಾಯಿತು.

ಈಗ ಬೆಟ್ಟದ ತೋಟಗಳಿಗೆ ಬನ್ನಿ. ಗ್ವಾಲ್ತಯಾರಿಯಂಥ ಜಾಗ ಹಳೇ ಕಾಲುವೆಗಳಿಗಿಂತ ಮೇಲಿದೆ. ಕಾಲುವೆ ಕಟ್ಟಿದ ಕಾಲದಲ್ಲಿ ಅದು ದನ ಮೇಯಿಸುವ ಬೀಳು ನೆಲ, ಅದಕ್ಕೆ ನದಿ ನೀರಿನ ಹಕ್ಕೇ ಇರಲಿಲ್ಲ. ನೆಲ ಅಗ್ಗವಾಗಿತ್ತು. 1990ರ ದಶಕದಲ್ಲಿ ಹೊರದೇಶದ ದುಡ್ಡು ಬಂತು. ಬೋರ್ದೋದ ಪ್ರಖ್ಯಾತ ವೈನ್ ಸಲಹೆಗಾರ ಮಿಶೆಲ್ ರೊಲ್ಲಾಂ ಫ್ರೆಂಚ್ ಪಾಲುದಾರರನ್ನು ಕೂಡಿಸಿಕೊಂಡು ತುನುಯಾನ್ ಬಳಿ ನೂರಾರು ಹೆಕ್ಟೇರ್ ತೋಟ ಎಬ್ಬಿಸಿದರು, ಹಾಗೆಯೇ ಇನ್ನೂ ಎಷ್ಟೋ ಜನ ಬಂದರು. ಎಲ್ಲರೂ ಕೊಳವೆ ಬಾವಿ ಕೊರೆಸಿದರು, ಹನಿ ನೀರಾವರಿ ಪೈಪ್ ಹಾಸಿದರು. ಕಾಲುವೆಯ ಸರದಿಯಿಲ್ಲ, ತೊಮೇರೊ ಇಲ್ಲ, ರಾತ್ರಿ ಎರಡರ ಗುದ್ದಲಿ ಇಲ್ಲ. ಸ್ವಿಚ್ ಒತ್ತಿದರೆ ನೀರು.

ಆ ನೀರು ಯಾವುದು? ಇದೇ ಮುಖ್ಯವಾದ ಪ್ರಶ್ನೆ. ಬೆಟ್ಟ ಇಳಿದು ಬಂದ ಹೊಳೆಗಳು ಕಣಿವೆಯ ಮೇಲಿನ ಭಾಗದ ಕಲ್ಲು ನೆಲದಲ್ಲಿ ಇಂಗುತ್ತವೆ, ನೆಲದಡಿ ಹರಿದು ಕೆಳಗಿನ ತಗ್ಗಿನಲ್ಲಿ ಒರತೆಯಾಗಿ, ತೊರೆಯಾಗಿ ಮತ್ತೆ ಮೇಲೆ ಬರುತ್ತವೆ. ಆ ತೊರೆಗಳಿಂದ ಬೆಳೆ ತೆಗೆಯುವ ರೈತರು ತಲೆಮಾರುಗಳಿಂದ ಇದ್ದಾರೆ. ಉಳಿದ ನೀರು ತುನುಯಾನ್ ನದಿ ಸೇರಿ, ಎಲ್ ಕರಿಸಾಲ್ ಅಣೆಕಟ್ಟು ತುಂಬಿಸಿ, ಪೂರ್ವದ ರಿವಾದಾವಿಯಾ, ಹುನಿನ್, ಸಾನ್ ಮಾರ್ತಿನ್ ಕಡೆಯ ತೋಟಗಳಿಗೆ ಹೋಗುತ್ತದೆ. ಅಂದರೆ ಮೇಲಿನ ಕೊಳವೆ ಬಾವಿ ಎತ್ತುವ ನೀರು ಬೇರೆ, ಕೆಳಗಿನ ಕಾಲುವೆ ನೀರು ಬೇರೆ ಅಂತ ಇಲ್ಲ. ಒಂದೇ ನೀರು. ಕಾನೂನು ಮಾತ್ರ ಎರಡು ಖಾತೆ ಬರೆಯುತ್ತಿದೆ. ನೆಲದಡಿಯ ನೀರಿಗೆ ಕಾನೂನು ಬಂದದ್ದೇ 1970ರ ದಶಕದಲ್ಲಿ, ಕಾಲುವೆ ಕಾನೂನಿನ ನಂತರ ತೊಂಬತ್ತು ವರ್ಷಕ್ಕೆ. ಆಮೇಲೆ ಕೆಲವು ಪ್ರದೇಶಗಳಲ್ಲಿ ಹೊಸ ಬಾವಿ ಕೊರೆಯುವುದನ್ನು ತಡೆದರು, ನಿಜ. ಆ ಹೊತ್ತಿಗೆ ಕೊರೆಯಬೇಕಾದವರು ಬಹಳಷ್ಟು ಜನ ಕೊರೆದಾಗಿತ್ತು.

ಹನಿ ನೀರಾವರಿಯಿಂದ ನೀರು ಉಳಿಯುತ್ತದೆ ಅನ್ನುವ ವಾದ ಯಾವಾಗಲೂ ಬರುತ್ತದೆ. ಒಂದು ತೋಟದ ಲೆಕ್ಕದಲ್ಲಿ ಅದು ನಿಜವೇ. ಇಡೀ ಕಣಿವೆಯ ಲೆಕ್ಕ ಬೇರೆ. ಹಳೇ ಪದ್ಧತಿಯಲ್ಲಿ ಸಾಲಿಗೆ ಹಾಯಿಸಿದ ನೀರಿನ ಒಂದು ಪಾಲು ನೆಲಕ್ಕೆ ಇಂಗಿ ಕೆಳಗಿನವನ ಒರತೆಗೆ ಹೋಗುತ್ತಿತ್ತು. ಹನಿಯಲ್ಲಿ ಬಿಟ್ಟದ್ದೆಲ್ಲ ಬಳ್ಳಿಯೇ ಕುಡಿಯುತ್ತದೆ, ಕೆಳಕ್ಕೆ ಹೋಗುವುದಿಲ್ಲ. ಹಾಗೆ ಉಳಿಸಿದ ನೀರಿನಲ್ಲಿ ಇನ್ನಷ್ಟು ಹೆಕ್ಟೇರ್ ನೆಟ್ಟರೆ ಉಳಿತಾಯ ಎಲ್ಲಿ ಬಂತು? ಇದು ಮೆಂಡೋಜಾಕ್ಕೆ ಮಾತ್ರ ಸೇರಿದ ತಪ್ಪು ಅಲ್ಲ. ಹನಿ ನೀರಾವರಿಗೆ ಸಬ್ಸಿಡಿ ಕೊಟ್ಟು ಅಂತರ್ಜಲ ಉಳಿಯಿತು ಅಂದುಕೊಂಡ ಎಷ್ಟೋ ಕಡೆ ಹೀಗೇ ಆಗಿದೆ.

ಕೆಳಗಿನವರ ಪಾಡು ನೋಡಿ. ಪೂರ್ವ ಮೆಂಡೋಜಾದಲ್ಲಿ ಸಣ್ಣ ಹಿಡುವಳಿ ಜಾಸ್ತಿ. ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸಿರುತ್ತಾರೆ, ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರದ ಹಾಗೇ, ತಲೆ ಎತ್ತರಕ್ಕೆ. ಅಲ್ಲಿ ಸೆಕೆಯೂ ಜಾಸ್ತಿ, ನೀರೂ ಕಡಿಮೆ, ಬಂದ ನೀರಿನಲ್ಲಿ ಉಪ್ಪಿನ ಅಂಶ ಬೇರೆ. ನೀರು ಧಾರಾಳವಾಗಿ ಹಾಯಿಸಿದಾಗ ಉಪ್ಪು ತೊಳೆದು ಕೆಳಗಿಳಿಯುತ್ತಿತ್ತು, ಈಗ ಬೇರಿನ ಸುತ್ತಲೇ ಕೂರುತ್ತದೆ. ಇದರ ಮೇಲೆ ಮಾರುಕಟ್ಟೆಯ ಹೊಡೆತ. 1970ರ ಸುಮಾರಿಗೆ ಅರ್ಜೆಂಟೀನಾದಲ್ಲಿ ಒಬ್ಬ ಮನುಷ್ಯ ವರ್ಷಕ್ಕೆ ಸುಮಾರು 90 ಲೀಟರ್ ವೈನ್ ಕುಡಿಯುತ್ತಿದ್ದ, ಈಗ 20 ಲೀಟರೂ ಇಲ್ಲ. ಈ ಜನ ಬೆಳೆಯುತ್ತಿದ್ದದ್ದು ಆ ದಿನಬಳಕೆಯ ಅಗ್ಗದ ವೈನ್‌ಗೇ. ಕೊಯ್ಲಿನ ಕೂಲಿಯೂ ಹುಟ್ಟದ ವರ್ಷಗಳಲ್ಲಿ ತೋಟ ಬಿಟ್ಟು ಪಟ್ಟಣ ಸೇರುತ್ತಾರೆ. ಹಾಳು ಬಿದ್ದ ಚಪ್ಪರದ ನಡುವೆ ಕಾಲುವೆ ತುಂಬಾ ಕಳೆ ಬೆಳೆಯುತ್ತದೆ, ಆ ಕಾಲುವೆ ನಡೆಸುವ ಖರ್ಚು ಉಳಿದವರ ತಲೆಗೆ ಹಂಚಿಹೋಗುತ್ತದೆ. ಒಬ್ಬ ಬಿಟ್ಟರೆ ಉಳಿದವರಿಗೆ ಇನ್ನೂ ಕಷ್ಟ.

ಕಾಲುವೆಯ ತೀರಾ ಕೊನೆಗೆ ಹೋದರೆ ಲವಾಯೆ ಜಿಲ್ಲೆಯ ಗ್ವಾನಾಕಾಚೆ ಸರೋವರಗಳು. ಉವಾರ್ಪೆ ಜನ ಒಂದು ಕಾಲದಲ್ಲಿ ಅಲ್ಲಿ ಜಂಬುಹುಲ್ಲಿನ ತೆಪ್ಪ ಕಟ್ಟಿ ಮೀನು ಹಿಡಿಯುತ್ತಿದ್ದರು. ಮೆಂಡೋಜಾ, ಪಕ್ಕದ ಸಾನ್ ಹುವಾನ್ ಎರಡೂ ಪ್ರಾಂತ್ಯಗಳ ತೋಟಗಳು ನದಿ ನೀರನ್ನು ಹಿಡಿದುಕೊಂಡ ಮೇಲೆ ಸರೋವರಗಳು ಒಣಗಿದವು. 1999ರಲ್ಲಿ ಅದನ್ನು ರಾಮ್ಸರ್ ತಾಣ, ಅಂದರೆ ಕಾಪಾಡಬೇಕಾದ ಜೌಗು ಪ್ರದೇಶ ಎಂದು ಘೋಷಿಸಿದರು, ಆದರೆ ಘೋಷಣೆಯಿಂದ ನೀರು ಬರುವುದಿಲ್ಲ. ಈಗ ಆ ಜನ ಆಡು ಸಾಕಿಕೊಂಡು ಬದುಕುತ್ತಿದ್ದಾರೆ. ಕಾಲುವೆಯ ಕೆಲಸ ಮೊದಲು ಮಾಡಿದ ಜನರ ಊರಿಗೇ ಕಾಲುವೆ ನೀರು ಮುಟ್ಟುವುದಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಇದು.

ತುಂಗಭದ್ರಾ ಕಾಲುವೆಯ ಕೊನೆಯ ಭಾಗದ ರೈತರನ್ನು ಕೇಳಿದರೆ ಇದನ್ನೆಲ್ಲ ವಿವರಿಸಬೇಕಾಗಿಯೇ ಇಲ್ಲ. ಟೇಲ್ ಎಂಡ್ ಅನ್ನುವ ಮಾತು ನಮ್ಮಲ್ಲಿ ಗಾದೆಯಷ್ಟೇ ಬಳಕೆಯಲ್ಲಿದೆ ಅಲ್ವಾ.

ಹಾಗಾದರೆ ಬೆಟ್ಟದ ಮೇಲಿನವರು ಆರಾಮಾಗಿದ್ದಾರಾ? ಅದೂ ಇಲ್ಲ. ಎತ್ತರಕ್ಕೆ ಹೋದಷ್ಟೂ ಮಂಜು ಬೀಳುವ ಭಯ ಜಾಸ್ತಿ. ಆಂಡಿಸ್‌ನಿಂದ ಸೋಂದಾ ಎಂಬ ಬಿಸಿ ಒಣ ಗಾಳಿ ಬೀಸುತ್ತದೆ, ಚಳಿಗಾಲದ ಕೊನೆಗೆ ಅದು ಬಂದರೆ ಬಳ್ಳಿ ಬೇಸಿಗೆ ಬಂತು ಅಂದುಕೊಂಡು ಬೇಗ ಚಿಗುರುತ್ತದೆ. ಆಮೇಲೆ ಒಂದು ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದರೆ ಚಿಗುರೆಲ್ಲ ಕಪ್ಪು. 2022ರ ಅಕ್ಟೋಬರ್ ಕೊನೆಯಲ್ಲಿ ಹೀಗೇ ಆಯಿತು. ಮರುವರ್ಷದ ಕೊಯ್ಲು ಅರ್ಜೆಂಟೀನಾದಲ್ಲಿ ಎಷ್ಟೋ ದಶಕಗಳಲ್ಲೇ ಕನಿಷ್ಠ. ತಣ್ಣನೆ ಗಾಳಿ ಭಾರ, ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಇಳಿಜಾರಿನ ತೋಟ ಉಳಿದು ತಗ್ಗಿನ ತೋಟ ಸಾಯುವುದೂ ಉಂಟು. ಚಳಿಗಾಲದ ಕೊನೆವರೆಗೂ ಕಾದು ತಡವಾಗಿ ಬಳ್ಳಿ ಸವರಿದರೆ ಚಿಗುರು ಕೆಲವು ದಿನ ತಡವಾಗುತ್ತದೆ, ಅಷ್ಟರಮಟ್ಟಿಗೆ ಅಪಾಯ ತಪ್ಪುತ್ತದೆ. ನಮ್ಮಲ್ಲಿ ಚಳಿಗಾಲವೇ ಇಲ್ಲದ್ದರಿಂದ ಬಳ್ಳಿ ಎಲೆ ಉದುರಿಸಿ ಮಲಗುವುದಿಲ್ಲ, ಏಪ್ರಿಲ್‌ಗೊಮ್ಮೆ ಅಕ್ಟೋಬರ್‌ಗೊಮ್ಮೆ ಚಾಟ್ನಿ ಮಾಡಿ, ಅಂದರೆ ಬಳ್ಳಿ ಸವರಿ, ಬೆಳೆ ತೆಗೆಯುತ್ತಾರೆ ವಿಜಯಪುರ ಕಡೆಯವರು. ಮೆಂಡೋಜಾದಲ್ಲಿ ಸವರುವುದು ವರ್ಷಕ್ಕೆ ಒಂದೇ ಸಲ, ಆ ತಾರೀಖು ಆರಿಸುವುದರಲ್ಲೇ ವರ್ಷದ ಅರ್ಧ ಜಾಣತನ ಇದೆ.

ನೀರಿನ ಜಗಳಕ್ಕೆ ಇನ್ನೊಂದು ಕಡೆಯೂ ಇದೆ, ಗಣಿ. 2007ರಲ್ಲಿ ಮೆಂಡೋಜಾ 7722 ಎಂಬ ಕಾನೂನು ಮಾಡಿ ಲೋಹದ ಗಣಿಗಾರಿಕೆಯಲ್ಲಿ ಸೈನೈಡ್, ಪಾದರಸ, ಗಂಧಕಾಮ್ಲ ಬಳಸುವುದನ್ನು ನಿಲ್ಲಿಸಿತು. 2019ರ ಡಿಸೆಂಬರ್‌ನಲ್ಲಿ ಶಾಸನಸಭೆ ಅದನ್ನು ಸಡಿಲಗೊಳಿಸಿದಾಗ ಸಾವಿರಾರು ಜನ ಬೀದಿಗಿಳಿದರು, ಬೆಟ್ಟದ ಊರುಗಳಿಂದ ಪ್ರಾಂತ್ಯದ ರಾಜಧಾನಿಗೆ ನಡೆದೇ ಬಂದರು. ಪ್ರತಿ ವರ್ಷ ಮಾರ್ಚ್‌ನಲ್ಲಿ ನಡೆಯುವ ವೆಂದಿಮಿಯಾ ಎಂಬ ಕೊಯ್ಲಿನ ಹಬ್ಬದಲ್ಲಿ ಆರಿಸಿ ಬಂದ ರಾಣಿಯರೂ ಜನರ ಪರ ನಿಂತರು. ಆ ಹಬ್ಬ 1936ರಿಂದ ನಡೆಯುತ್ತಿದೆ, ಅಲ್ಲಿ ಅದಕ್ಕೆ ನಮ್ಮ ದಸರಾದಷ್ಟು ಗೌರವ. ತಿಂಗಳು ಮುಗಿಯುವ ಮುಂಚೆಯೇ ಸರ್ಕಾರ ಹಿಂದೆ ಸರಿದು ಹಳೇ ಕಾನೂನನ್ನೇ ತಂದಿತು. ಇಷ್ಟಾದರೂ ಒತ್ತಡ ನಿಂತಿಲ್ಲ. ಉಸ್ಪಯಾತಾ ಬಳಿಯ ಸಾನ್ ಹೊರ್ಹೆ ತಾಮ್ರದ ಗಣಿಯನ್ನು 2011ರಲ್ಲಿ ತಿರಸ್ಕರಿಸಿದ್ದ ಶಾಸನಸಭೆ 2025ರ ಕೊನೆಯಲ್ಲಿ ಒಪ್ಪಿಗೆ ಕೊಟ್ಟಿತು. ಹಿಮನದಿಗಳನ್ನೂ ಅದರ ಸುತ್ತಲಿನ ಹೆಪ್ಪುಗಟ್ಟಿದ ನೆಲವನ್ನೂ ಕಾಪಾಡಲು 2010ರಲ್ಲಿ ಬಂದ ರಾಷ್ಟ್ರೀಯ ಕಾನೂನನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿದಿತ್ತು. ಅದನ್ನೇ ಸಡಿಲಿಸಲು ಅಧ್ಯಕ್ಷ ಮಿಲೇ ಸರ್ಕಾರ 2025ರ ಕೊನೆಯಲ್ಲಿ ಹೊರಟಿತು.

ಗಣಿ ವಿರುದ್ಧ ನಿಂತ ಜನರ ಬಗ್ಗೆ ನನಗೆ ಗೌರವ ಇದೆ, ಅವರು ಸರಿ ಇದ್ದಾರೆ. ಆದರೆ ಗಣಿ ಬೇಡ ಎಂದು ಹೇಳುವ ವೈನ್ ಉದ್ಯಮ ತನ್ನ ಬಾವಿಗಳ ಲೆಕ್ಕವನ್ನೂ ಜನರ ಮುಂದೆ ಇಡಬೇಕು. ಎತ್ತರದ ತೋಟದ ಬಾಟಲಿಯ ಮೇಲೆ ಎಷ್ಟೋ ಕಂಪನಿಗಳು ಎಷ್ಟು ಮೀಟರ್ ಎತ್ತರ ಅನ್ನುವುದನ್ನು ಹೆಮ್ಮೆಯಿಂದ ಅಚ್ಚು ಹಾಕುತ್ತವೆ. ಎಷ್ಟು ಆಳದಿಂದ ನೀರು ಎತ್ತಿದರು ಅನ್ನುವುದು ಕೊಳ್ಳುವವನಿಗೆ ಗೊತ್ತೇ ಆಗುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಜನರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ನಂದಿಬೆಟ್ಟದ ಸುತ್ತ ವೈನ್ ದ್ರಾಕ್ಷಿ ಬಂದದ್ದೂ ಇದೇ ಎತ್ತರ, ಇದೇ ರಾತ್ರಿ ತಂಪಿನ ಆಸೆಗೆ. 2007ರ ವೈನ್ ನೀತಿ ಬಂದಾಗ ಬೆಲೆ, ತೆರಿಗೆ, ಪರವಾನಗಿ ಎಲ್ಲದರ ಚರ್ಚೆ ನಡೆಯಿತು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ನಾಡಿನಲ್ಲಿ ನೀರು ಅದರ ಮೊದಲ ಪುಟದಲ್ಲಿ ಇರಬೇಕಿತ್ತು. ನಮ್ಮದು ಮಳೆ ಬೀಳುವ ಊರು, ಮೆಂಡೋಜಾದಷ್ಟು ಕಷ್ಟ ಇಲ್ಲ. ಆದರೆ ಅವರಿಗೆ 1884ರಿಂದ ಒಂದು ಕಾನೂನು, ಒಂದು ಸರದಿ ಚೀಟಿ, ರೈತರೇ ಆರಿಸಿದ ಕಾಲುವೆ ಆಡಳಿತ ಇದೆ. ನಮ್ಮ ಕೆರೆಗಳ ನೀರುಗಂಟಿಗಳನ್ನು ನಾವು ಕಳೆದುಕೊಂಡೆವು, ಬೋರ್‌ವೆಲ್‌ಗೆ ಸರದಿ ಅನ್ನುವುದನ್ನು ಕಟ್ಟಲೇ ಇಲ್ಲ.

ಮೆಂಡೋಜಾದಲ್ಲಿ ಮುಂದೆ ಏನಾಗಬೇಕು? ಬೆಟ್ಟದ ತೋಟ ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ಆ ವೈನ್‌ಗೆ ಒಳ್ಳೆ ಬೆಲೆ ಬರುತ್ತದೆ, ಸಾವಿರಾರು ಜನರಿಗೆ ಕೆಲಸ ಇದೆ, ಒಂದು ಹನಿ ನೀರಿಗೆ ಜಾಸ್ತಿ ದುಡ್ಡು ಹುಟ್ಟಿಸುವ ಬೆಳೆ ಅದು. ಆದರೆ ಹೊಸದಾಗಿ ಇನ್ನೂ ಮೇಲೆ ಹೋಗುವುದು ನಿಲ್ಲಬೇಕು. ಪ್ರತಿ ಬಾವಿಗೂ ಮೀಟರ್ ಕೂರಿಸಿ, ಬಾವಿ ನೀರನ್ನೂ ನದಿ ನೀರನ್ನೂ ಒಂದೇ ಖಾತೆಯಲ್ಲಿ ಬರೆಯಬೇಕು, ಹಿಮ ಕಡಿಮೆ ಬಿದ್ದ ವರ್ಷ ಕಾಲುವೆಯವನಿಗೆ ಸರದಿ ಕಡಿತವಾದ ಹಾಗೆ ಬಾವಿಯವನಿಗೂ ಕಡಿತವಾಗಬೇಕು. ಕೆಳಗಿನ ತೋಟಗಳಲ್ಲಿ ಸೆಕೆ ತಡೆಯುವ ದಾರಿಗಳು ಇಲ್ಲದೆ ಇಲ್ಲ: ಚಪ್ಪರದ ನೆರಳು, ಬಿಸಿಲು ತಡೆಯುವ ಬಲೆ, ತಡವಾಗಿ ಸವರುವುದು, ಸೆಕೆಗೆ ಚೆನ್ನಾಗಿ ಹಣ್ಣಾಗುವ ಬೊನಾರ್ದಾ ತಳಿ. ಹಳೇ ಕಾಲದಲ್ಲಿ ಬೈಸಿಕೊಂಡ ಆ ಚಪ್ಪರವೇ ಈಗ ಹಣ್ಣನ್ನು ಬಿಸಿಲಿನಿಂದ ಕಾಯುವ ಒಳ್ಳೆ ಉಪಾಯ ಎಂದು ಅಲ್ಲಿಯವರೇ ಮತ್ತೆ ಹೇಳತೊಡಗಿದ್ದಾರೆ. ಇದಕ್ಕೆಲ್ಲ ಸಾಲ ಬೇಕು, ಒಡೆದ ಮಣ್ಣಿನ ಕಾಲುವೆಗಳ ರಿಪೇರಿ ಆಗಬೇಕು, ಕಾಯಿಗೆ ನಿಗದಿಯಾದ ಬೆಲೆ ಬೇಕು. ಬೆಟ್ಟದ ಹೊಸ ಬಾವಿಗೆ ಸಿಕ್ಕಷ್ಟು ಸುಲಭವಾಗಿ ಈ ದುಡ್ಡು ಪೂರ್ವದ ಸಣ್ಣ ರೈತನಿಗೆ ಸಿಗುತ್ತಿಲ್ಲ. ಮೊದಲು ಮೀಟರ್ ಕೂರಲಿ. ಎಷ್ಟು ನೀರು ಮೇಲೇ ಉಳಿಯುತ್ತಿದೆ ಅನ್ನುವ ಲೆಕ್ಕ ಕೈಯಲ್ಲಿ ಇಲ್ಲದೆ ಪೂರ್ವದ ರೈತ ಯಾವ ಕಚೇರಿಗೆ ಹೋಗಿ ತನ್ನ ಪಾಲು ಕೇಳಬೇಕು?